ಚಳಿಯೇ ಹಾಸುವ ಹೆದ್ದಾರಿ: ಹೆಪ್ಪುಗಟ್ಟಿದ ಸರೋವರದ ಮೇಲೆ ದೈತ್ಯ ಲಾರಿಗಳ ಪಯಣ

ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಬೆಂಗಳೂರಿನ ಈಜಿಪುರಕ್ಕೆ ಬಂದ ಕೋದಂಡರಾಮನ ಬೃಹತ್ ಏಕಶಿಲಾ ವಿಗ್ರಹ ಓದುಗರಿಗೆ ನೆನಪಿರಬಹುದು. 2018ರ ಡಿಸೆಂಬರ್‌ನಲ್ಲಿ 240 ಚಕ್ರಗಳ ವಾಹನವೇರಿ ಹೊರಟ ಆ ಶಿಲೆ ಈಜಿಪುರ ಮುಟ್ಟಿದ್ದು 2019ರ ಜೂನ್‌ನಲ್ಲಿ. ದಾರಿಯುದ್ದಕ್ಕೂ ಕಿರಿದಾದ ಬೀದಿಗಳು, ಭಾರ ತಾಳಲಾರದ ಸೇತುವೆಗಳು, ಸಿಡಿಯುವ ಟೈರುಗಳು. ಕೆಲವೇ ನೂರು ಕಿಲೋಮೀಟರ್ ದೂರಕ್ಕೆ ಆರು ತಿಂಗಳು ಬೇಕಾಯಿತು. ಮಿತಿಮೀರಿದ ತೂಕ, ಮಿತಿಮೀರಿದ ಗಾತ್ರದ ಸರಕನ್ನು ಸಾಗಿಸುವುದೆಂದರೆ ಎಂಥ ಸಾಹಸ ಎಂಬುದು ಅಂದು ನಮ್ಮ ಜನರಿಗೆ ಕಣ್ಣಾರೆ ಮನವರಿಕೆಯಾಯಿತು.

ಇಂಥ ಸರಕನ್ನು ಡಾಂಬರು ರಸ್ತೆಯ ಮೇಲಲ್ಲ, ನೀರಿನ ಮೇಲೆ ಸಾಗಿಸಬೇಕಾದರೆ? ಅದೂ ಮೈನಸ್ 40 ಡಿಗ್ರಿ ಚಳಿಯಲ್ಲಿ? ಕೆನಡಾದ ಉತ್ತರ ತುದಿಯಲ್ಲಿ ಪ್ರತಿ ಚಳಿಗಾಲದಲ್ಲೂ ನಡೆಯುತ್ತಿರುವುದು ಇದೇ. ಅಲ್ಲಿ ಹೆಪ್ಪುಗಟ್ಟಿದ ಸರೋವರಗಳೇ ಹೆದ್ದಾರಿ. ನಮ್ಮಲ್ಲಿ ಮಳೆ, ಮಂಜು, ಚಳಿಗಳು ರಸ್ತೆಯ ಶತ್ರುಗಳು. ಅಲ್ಲಿ ಚಳಿಯಿಲ್ಲದಿದ್ದರೆ ರಸ್ತೆಯೇ ಇಲ್ಲ. ಈಚಿನ ವರ್ಷಗಳಲ್ಲಿ ಆ ಚಳಿಯೇ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ ಎಂಬುದು ಆ ನಾಡಿನ ದೊಡ್ಡ ಚಿಂತೆ.

ಎರಡು ತಿಂಗಳ ಹೆದ್ದಾರಿ

ಕೆನಡಾದ ವಾಯವ್ಯ ಪ್ರಾಂತ್ಯದ ರಾಜಧಾನಿ ಯೆಲ್ಲೋನೈಫ್. ಅಲ್ಲಿಂದ ಪೂರ್ವಕ್ಕೆ ಸಾಗುವ ಸರಕಾರಿ ರಸ್ತೆ ಟಿಬಿಟ್ ಎಂಬ ಸರೋವರದ ದಡದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಈಶಾನ್ಯಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೂ ಬಂಡೆ, ಜೌಗು ಮತ್ತು ಲೆಕ್ಕವಿಲ್ಲದಷ್ಟು ಸರೋವರಗಳು. ಬೇಸಿಗೆಯಲ್ಲಿ ಅಲ್ಲಿಗೆ ಹೋಗಲು ವಿಮಾನವೊಂದೇ ದಾರಿ. ಅದೇ ನಿರ್ಜನ ಪ್ರದೇಶದಲ್ಲಿ ವಜ್ರದ ಗಣಿಗಳಿವೆ. ಎಕಾಟಿ 1998ರಲ್ಲಿ, ಡಯಾವಿಕ್ 2003ರಲ್ಲಿ, ಗಾಚೊ ಕುಯೆ 2016ರಲ್ಲಿ ಆರಂಭಗೊಂಡವು. ಜಗತ್ತಿನ ವಜ್ರಗಳಲ್ಲಿ ಬಹುಪಾಲಿಗೆ ಸಾಣೆ ಹಿಡಿಯುವ ಊರು ನಮ್ಮ ದೇಶದ ಸೂರತ್ ಎಂಬುದನ್ನು ನೆನೆದರೆ, ಈ ಗಣಿಗಳ ಕತೆ ನಮಗೆ ತೀರ ದೂರದ್ದೇನಲ್ಲ.

ಗಣಿಗೆ ಬೇಕಾದ ಡೀಸೆಲ್, ಸಿಮೆಂಟ್, ಸ್ಫೋಟಕಕ್ಕೆ ಬಳಸುವ ಅಮೋನಿಯಂ ನೈಟ್ರೇಟ್, ಬೃಹತ್ ಟೈರುಗಳು, ಯಂತ್ರದ ಬಿಡಿಭಾಗಗಳು ಎಲ್ಲವೂ ಚಳಿಗಾಲದಲ್ಲೇ ಬರಬೇಕು. ಇದಕ್ಕಾಗಿ 1982ರಿಂದ ಪ್ರತಿ ವರ್ಷವೂ ಹೊಸದಾಗಿ ಒಂದು ರಸ್ತೆ ಕಟ್ಟಲಾಗುತ್ತಿದೆ. ಇದರ ಹೆಸರು ಟಿಬಿಟ್–ಕಾಂಟ್ವೊಯ್ಟೊ ಚಳಿಗಾಲದ ರಸ್ತೆ. ಮೂಲತಃ ಉತ್ತರದ ಲೂಪಿನ್ ಚಿನ್ನದ ಗಣಿಗಾಗಿ ಹುಟ್ಟಿದ ಹಾದಿ ಇದು. ಕಾಂಟ್ವೊಯ್ಟೊ ಸರೋವರದವರೆಗೂ ಹಾಸಿದಾಗ ಇದರ ಉದ್ದ 568 ಕಿ.ಮೀ. ಅದರಲ್ಲಿ 495 ಕಿ.ಮೀ., ಅಂದರೆ ಶೇ. 87ರಷ್ಟು, ಹೆಪ್ಪುಗಟ್ಟಿದ ನೀರಿನ ಮೇಲೆಯೇ. ಉಳಿದದ್ದು ಒಂದು ಸರೋವರದಿಂದ ಇನ್ನೊಂದಕ್ಕೆ ದಾಟಿಸುವ ನೆಲದ ತುಂಡುಗಳು.

ಜನವರಿ ಕೊನೆಯಲ್ಲಿ ಅಥವಾ ಫೆಬ್ರವರಿ ಮೊದಲಿಗೆ ತೆರೆದುಕೊಳ್ಳುವ ಈ ರಸ್ತೆ ಮಾರ್ಚ್ ಕೊನೆಗೆ ಅಥವಾ ಏಪ್ರಿಲ್ ಆರಂಭಕ್ಕೆ ಮುಚ್ಚುತ್ತದೆ. ಹತ್ತು ತಿಂಗಳ ಬದುಕಿಗೆ ಬೇಕಾದುದನ್ನು ಎರಡೇ ತಿಂಗಳಲ್ಲಿ ಸಾಗಿಸಬೇಕು. 2007ರ ಚಳಿಗಾಲದಲ್ಲಿ 10,900ಕ್ಕೂ ಹೆಚ್ಚು ಲೋಡುಗಳಲ್ಲಿ ಸುಮಾರು 3.3 ಲಕ್ಷ ಟನ್ ಸರಕು ಈ ಹಾದಿಯಲ್ಲಿ ಉತ್ತರಕ್ಕೆ ಸಾಗಿತು. ಅದೇ ವರ್ಷ ಅಮೆರಿಕದ ದೂರದರ್ಶನ ವಾಹಿನಿಯೊಂದು ಈ ರಸ್ತೆಯ ಚಾಲಕರ ಬಗ್ಗೆ ಸರಣಿ ಪ್ರಸಾರ ಮಾಡಿದ ಮೇಲೆ ಹೊರಜಗತ್ತಿಗೂ ಇದರ ಪರಿಚಯವಾಯಿತು.

ಇಂಥ ಹಾದಿಗಳ ಇತಿಹಾಸದಲ್ಲಿ ಮರೆಯಬಾರದ ಹೆಸರು ಜಾನ್ ಡೆನಿಸನ್ ಅವರದು. ಮೊದಲು ಕೆನಡಾ ಪೊಲೀಸ್ ಪಡೆಯಲ್ಲಿದ್ದ ಡೆನಿಸನ್, ಕಳೆದ ಶತಮಾನದ ಮಧ್ಯಭಾಗದಲ್ಲಿ ಗ್ರೇಟ್ ಬೇರ್ ಸರೋವರದ ಗಣಿಗಳತ್ತ ಹೆಪ್ಪುಗಟ್ಟಿದ ನೀರಿನ ಮೇಲೆ ಲಾರಿ ನಡೆಸುವ ವಿದ್ಯೆಗೆ ತಳಹದಿ ಹಾಕಿದರು.

ಹಿಮ ಗುಡಿಸಿದರೆ ರಸ್ತೆ

ಸರೋವರ ತಾನಾಗಿ ಹೆಪ್ಪುಗಟ್ಟಿದ ಮಾತ್ರಕ್ಕೆ ರಸ್ತೆ ಸಿದ್ಧವಾಗುವುದಿಲ್ಲ. ಮೇಲೆ ಬಿದ್ದ ಹಿಮ ಮಂಜುಗಡ್ಡೆಗೆ ಕಂಬಳಿ ಹೊದಿಸಿದಂತೆ. ಅದು ಕೆಳಗಿನ ನೀರಿನ ಶಾಖವನ್ನು ಹೊರಹೋಗಗೊಡುವುದಿಲ್ಲ, ಗಡ್ಡೆ ದಪ್ಪವಾಗಲು ಬಿಡುವುದಿಲ್ಲ. ಆದ್ದರಿಂದ ರಸ್ತೆ ನಿರ್ಮಾಣವೆಂದರೆ ಮೊದಲಿಗೆ ಹಿಮ ಗುಡಿಸುವ ಕೆಲಸ. ನೀರಿನಲ್ಲೂ ತೇಲಬಲ್ಲ ಹಗುರ ವಾಹನಗಳು ಮುಂದೆ ಸಾಗಿ, ರೇಡಾರ್ ಉಪಕರಣದಿಂದ ಗಡ್ಡೆಯ ದಪ್ಪವನ್ನು ಅಳೆಯುತ್ತ ಹೋಗುತ್ತವೆ. ಅವುಗಳ ಹಿಂದೆ ಹಿಮ ತಳ್ಳುವ ಯಂತ್ರಗಳು. ಬರಿದಾದ ಗಡ್ಡೆಗೆ ಚಳಿ ನೇರವಾಗಿ ತಗುಲಿ ಅದು ಕೆಳಮುಖವಾಗಿ ಬೆಳೆಯುತ್ತದೆ. ದಪ್ಪ ಸಾಲದ ಕಡೆ ರಂಧ್ರ ಕೊರೆದು ಸರೋವರದ ನೀರನ್ನೇ ಮೇಲೆತ್ತಿ ಹರಿಸುತ್ತಾರೆ. ಅದು ಹೆಪ್ಪುಗಟ್ಟಿ ಮತ್ತೊಂದು ಪದರವಾಗುತ್ತದೆ.

ಎಲ್ಲ ಮಂಜುಗಡ್ಡೆಯ ಬಲವೂ ಒಂದೇ ಅಲ್ಲ. ನೀರು ನೇರವಾಗಿ ಹೆಪ್ಪುಗಟ್ಟಿ ಆದ ಪಾರದರ್ಶಕ ನೀಲಿ ಗಡ್ಡೆ ಗಟ್ಟಿ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಯಲ್ಲಿ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ, ಸುರಕ್ಷತೆಯ ಲೆಕ್ಕದಲ್ಲಿ ಅದಕ್ಕೆ ಸಾಮಾನ್ಯವಾಗಿ ಅರ್ಧ ಬೆಲೆ ಮಾತ್ರ.

ಮಂಜುಗಡ್ಡೆ ಲಾರಿಯನ್ನು ಹೊರುವುದು ಹೇಗೆ?

ಗಡ್ಡೆ ಸೇತುವೆಯಂತೆ ದಡದಿಂದ ದಡಕ್ಕೆ ಬಿಗಿದ ಹಲಗೆಯಲ್ಲ. ಅದು ನೀರಿನ ಮೇಲೆ ತೇಲುವ ತಟ್ಟೆ. ಲಾರಿ ಅದರ ಮೇಲೆ ನಿಂತಾಗ ತಟ್ಟೆ ಬಟ್ಟಲಿನಂತೆ ಕೊಂಚ ಬಾಗುತ್ತದೆ. ಬಾಗಿದ ಭಾಗ ಪಕ್ಕಕ್ಕೆ ಸರಿಸಿದ ನೀರಿನ ತೂಕ ಲಾರಿಯ ತೂಕಕ್ಕೆ ಸಮನಾದಾಗ ಸಮತೋಲ ಏರ್ಪಡುತ್ತದೆ. ಹೀಗಾಗಿ ಭಾರವನ್ನು ಕೊನೆಗೆ ಹೊರುವುದು ನೀರೇ. ಆ ಭಾರವನ್ನು ಒಡೆಯದೆ ವಿಶಾಲ ಪ್ರದೇಶಕ್ಕೆ ಹಂಚುವುದು ಗಡ್ಡೆಯ ಕೆಲಸ.

ಎಷ್ಟು ದಪ್ಪಕ್ಕೆ ಎಷ್ಟು ಭಾರ ಎಂಬುದಕ್ಕೆ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿ ಲಾರ್ನ್ ಗೋಲ್ಡ್ 1971ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ದಪ್ಪವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯನ್ನು ಮತ್ತೊಂದು ಗುಣಕದಿಂದ ಗುಣಿಸಿದರೆ ಸುರಕ್ಷಿತ ಭಾರ ಕಿಲೋಗ್ರಾಂನಲ್ಲಿ ಸಿಗುತ್ತದೆ. ಆ ಗುಣಕವನ್ನು ಎಚ್ಚರಿಕೆಯಿಂದ 4 ಎಂದು ಹಿಡಿದರೆ, ಒಂದು ಮೀಟರ್ ದಪ್ಪದ ಗಡ್ಡೆ 40 ಟನ್ ಹೊರಬಲ್ಲದು. ದಪ್ಪ ಅರ್ಧ ಮೀಟರ್‌ಗೆ ಇಳಿದರೆ ಹೊರಬಲ್ಲ ಭಾರ 20 ಟನ್ ಅಲ್ಲ, ಬರೀ 10 ಟನ್. ದಪ್ಪ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಚಳಿಗಾಲ ತುಸು ಬೆಚ್ಚಗಾದರೂ ಭಾರಿ ಸರಕಿನ ಲೆಕ್ಕಾಚಾರ ಬುಡಮೇಲಾಗುವುದು ಇದೇ ಕಾರಣಕ್ಕೆ.

ನಿರಂತರ ತಪಾಸಣೆ ಇರುವ ಕಡೆ ಇನ್ನೂ ದೊಡ್ಡ ಗುಣಕ ಬಳಸಲು ಅವಕಾಶವಿದೆ. ಟಿಬಿಟ್ ರಸ್ತೆಯಲ್ಲಿ ಗಡ್ಡೆ ಸುಮಾರು 70 ಸೆಂ.ಮೀ. ದಾಟಿದಾಗ ಹಗುರ ಲೋಡುಗಳಿಗೆ ಅನುಮತಿ ಸಿಗುತ್ತದೆ. ಎರಡು ಟ್ರೇಲರ್ ಜೋಡಿಸಿದ, ಒಟ್ಟು 60 ಟನ್ ಮೀರುವ ಟ್ಯಾಂಕರ್‌ಗಳು ಪೂರ್ತಿ ತುಂಬಿಕೊಂಡು ಹೊರಡಬೇಕಾದರೆ ಒಂದು ಮೀಟರ್‌ಗೂ ಮೀರಿದ ದಪ್ಪ ಬೇಕು.

ನಿಧಾನವೇ ನಿಯಮ

ಇಲ್ಲಿ ತುಂಬಿದ ಲಾರಿಯ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಕೆಲವು ಕಡೆ, ಮುಖ್ಯವಾಗಿ ದಡ ಸೇರುವಲ್ಲಿ, ಕೇವಲ 10 ಕಿ.ಮೀ. ಎದುರಿಗೆ ವಾಹನವಿಲ್ಲ, ಕನ್ನಡಿಯಂಥ ನೇರ ರಸ್ತೆ. ಹಾಗಿದ್ದೂ ಎತ್ತಿನ ಗಾಡಿಗಿಂತ ತುಸು ಚುರುಕಾಗಿ ಹೋಗಬೇಕಾದ ಕಾರಣ ಕಣ್ಣಿಗೆ ಕಾಣುವುದಿಲ್ಲ. ಅದು ಗಡ್ಡೆಯ ಕೆಳಗಿದೆ.

ಲಾರಿ ಚಲಿಸಿದಂತೆ ಬಾಗಿದ ಬಟ್ಟಲೂ ಅದರೊಡನೆ ಚಲಿಸುತ್ತದೆ, ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಆಳವಿಲ್ಲದ ನೀರಿನಲ್ಲಿ ಈ ಅಲೆಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. 10 ಮೀಟರ್ ಆಳವಿದ್ದರೆ ಗಂಟೆಗೆ ಸುಮಾರು 35 ಕಿ.ಮೀ., 5 ಮೀಟರ್ ಆಳವಿದ್ದರೆ ಸುಮಾರು 25 ಕಿ.ಮೀ. ಲಾರಿಯ ವೇಗ ಮತ್ತು ಅಲೆಯ ವೇಗ ಒಂದಾದರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತಾಗಿ ಅಲೆ ಎತ್ತರವಾಗುತ್ತ ಹೋಗುತ್ತದೆ. ನಿಂತ ಲಾರಿಯನ್ನು ಆರಾಮವಾಗಿ ಹೊರುತ್ತಿದ್ದ ಗಡ್ಡೆ ಬಿರಿಯಬಹುದು. ದಡದ ಬಳಿ ನೀರು ಆಳವಿಲ್ಲದ್ದರಿಂದ ಅಪಾಯದ ವೇಗವೂ ಕಡಿಮೆ. ಸಾಲದ್ದಕ್ಕೆ ದಡಕ್ಕೆ ಬಡಿದ ಅಲೆ ಹಿಂದಿರುಗಿ ಬರುತ್ತದೆ. ಲಾರಿಗಳ ನಡುವೆ ಕನಿಷ್ಠ ಅರ್ಧ ಕಿಲೋಮೀಟರ್ ಅಂತರ ಕಡ್ಡಾಯವಾಗಿರುವುದೂ, ನಾಲ್ಕು ಲಾರಿಗಳ ತಂಡಗಳನ್ನು 20 ನಿಮಿಷಕ್ಕೊಮ್ಮೆ ಬಿಡುವುದೂ ಭಾರ ಒಂದೆಡೆ ಸೇರದಿರಲೆಂದೇ.

ಈ ಪಾಠವನ್ನು ಜಗತ್ತು ಕಲಿತದ್ದು ಯುದ್ಧದಲ್ಲಿ. ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ, 1941ರ ನವೆಂಬರ್‌ನಿಂದ ಲಡೋಗ ಸರೋವರದ ಗಡ್ಡೆಯ ಮೇಲೆ ಲಾರಿಗಳು ಹಸಿದ ನಗರಕ್ಕೆ ಹಿಟ್ಟು ಸಾಗಿಸಿದವು. ಹಲವು ಲಾರಿಗಳು ಮುಳುಗಿದ್ದನ್ನು ಕಂಡ ಸೋವಿಯತ್ ವಿಜ್ಞಾನಿಗಳು ಗಡ್ಡೆಯ ಬಾಗುವಿಕೆಯನ್ನು ಅಳೆದು ವೇಗದ ಮಿತಿಗಳನ್ನು ಗೊತ್ತುಪಡಿಸಿದರು. ಎಸ್ಟೋನಿಯಾ ದೇಶದಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ ದ್ವೀಪಗಳಿಗೆ ತೆರೆಯುವ ರಸ್ತೆಗಳಲ್ಲಿ ವಿಚಿತ್ರ ನಿಯಮವಿದೆ: ಗಂಟೆಗೆ 25 ಕಿ.ಮೀ. ಒಳಗೆ ಹೋಗಬಹುದು, 40ರಿಂದ 70ರ ನಡುವೆಯೂ ಹೋಗಬಹುದು. 25ರಿಂದ 40ರ ನಡುವೆ ಮಾತ್ರ ಹೋಗುವಂತಿಲ್ಲ. ಅಲ್ಲಿ ಸೀಟ್ ಬೆಲ್ಟ್ ಕಟ್ಟುವುದಕ್ಕೂ ನಿಷೇಧ. ಗಡ್ಡೆ ಒಡೆದರೆ ಬಾಗಿಲು ತೆರೆದು ಜಿಗಿಯಲು ಕ್ಷಣಗಳಷ್ಟೇ ಇರುತ್ತವೆ.

ಹಾಗೆಂದು ನಿಂತುಬಿಡುವುದೂ ಕ್ಷೇಮವಲ್ಲ. ದೀರ್ಘಕಾಲ ಒಂದೇ ಕಡೆ ಭಾರ ಬಿದ್ದರೆ ಗಡ್ಡೆ ಮೆಲ್ಲಮೆಲ್ಲನೆ ಇಳಿಯುತ್ತ ಹೋಗುತ್ತದೆ. ಬಿರುಕಿನಿಂದ ನೀರು ಮೇಲೆ ಬಂತೆಂದರೆ ಅದು ಕೊನೆಯ ಎಚ್ಚರಿಕೆ. ಆದ್ದರಿಂದ ಸರೋವರದ ನಡುವೆ ಕೆಟ್ಟುನಿಂತ ಲಾರಿ ಚಾಲಕನೊಬ್ಬನ ಸಮಸ್ಯೆಯಾಗಿ ಉಳಿಯುವುದಿಲ್ಲ, ಇಡೀ ರಸ್ತೆಯ ಸಮಸ್ಯೆಯಾಗುತ್ತದೆ. 350 ಕಿ.ಮೀ. ದಾರಿಯನ್ನು 25 ಕಿ.ಮೀ. ವೇಗದಲ್ಲಿ ಕ್ರಮಿಸಲು 14 ತಾಸು ಬೇಕು. ಮರಗಳಿಲ್ಲದ ಬಯಲಿನಲ್ಲಿ ಗಾಳಿ ಎದ್ದರೆ ನೆಲ, ಆಕಾಶ ಒಂದೇ ಬಿಳುಪಾಗಿ ದಾರಿಯೇ ಕಾಣದು. ಆಗ ರಸ್ತೆ ಮುಚ್ಚುತ್ತಾರೆ.

ಗಾತ್ರದ ಪಾಡು

ತೂಕದ ಜತೆಗೆ ಗಾತ್ರವೂ ಮಿತಿ ಮೀರಿದಾಗ ಕಷ್ಟ ಇಮ್ಮಡಿಸುತ್ತದೆ. ನಮ್ಮ ಲಾರಿ ವ್ಯವಹಾರದಲ್ಲಿ ಇಂಥ ಸರಕನ್ನು ‘ಓ.ಡಿ.ಸಿ.’ ಎನ್ನುತ್ತಾರೆ. ಮೈಸೂರಿನ ಬಿ.ಇ.ಎಂ.ಎಲ್. ಕಾರ್ಖಾನೆಯ ದೈತ್ಯ ಡಂಪರ್‌ಗಳನ್ನು ಕಂಡವರಿಗೆ ಗಣಿ ವಾಹನಗಳ ಗಾತ್ರದ ಅಂದಾಜಿರುತ್ತದೆ. ಅಂಥ ಯಂತ್ರಗಳು ಗಣಿಗೆ ಬರುವುದು ಬಿಡಿಬಿಡಿಯಾಗಿ. ಆದರೂ ಡಂಪರ್‌ನ ತೊಟ್ಟಿಯೊಂದೇ ಸಾಮಾನ್ಯ ರಸ್ತೆಯ ಎರಡೂ ಪಥಗಳನ್ನು ಆವರಿಸುವಷ್ಟು ಅಗಲ. ಅಗಲವಾದ ಸರಕು ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಜಾರುವ ನೆಲದ ಮೇಲೆ ಟ್ರೇಲರ್ ಪಕ್ಕಕ್ಕೆ ಸರಿಯಲು ಒಂದು ಬಿರುಗಾಳಿ ಸಾಕು. ಡಾಂಬರು ರಸ್ತೆಯಲ್ಲಾದರೆ ಮುಂದೆ, ಹಿಂದೆ ಬೆಂಗಾವಲು ವಾಹನ ಕಡ್ಡಾಯ. ರಸ್ತೆ ಜಾರುತ್ತಿದ್ದರೆ ಅಥವಾ ಮುಂದಿನ ದಾರಿ ಕಾಣದಿದ್ದರೆ ಪರವಾನಗಿ ಇದ್ದರೂ ಅಂಥ ಸರಕು ಹೊರಡುವಂತಿಲ್ಲ ಎಂಬ ಷರತ್ತು ಉತ್ತರ ಅಮೆರಿಕದ ಹಲವು ರಾಜ್ಯ, ಪ್ರಾಂತ್ಯಗಳಲ್ಲಿದೆ.

ಮಣ್ಣಿನ ಮೇಲಿನ ರಸ್ತೆಗೂ ಚಳಿ ಉಪಕಾರ ಮಾಡುವುದುಂಟು. ತೇವದ ಮಣ್ಣು ಹೆಪ್ಪುಗಟ್ಟಿದಾಗ ರಸ್ತೆಯ ಅಡಿಪಾಯ ಕಾಂಕ್ರೀಟಿನಂತೆ ಬಿಗಿಯುತ್ತದೆ. ಇದನ್ನು ಗಮನಿಸಿ ಅಮೆರಿಕದ ಮಿನೆಸೋಟ ರಾಜ್ಯ ಚಳಿಗಾಲದಲ್ಲಿ ಶೇ. 10ರಷ್ಟು ಹೆಚ್ಚುವರಿ ತೂಕಕ್ಕೆ ಅವಕಾಶ ನೀಡುತ್ತದೆ. ವಸಂತದಲ್ಲಿ ನೆಲ ಕರಗಿ ಕೆಸರಾದಾಗ ಅದೇ ರಸ್ತೆಗಳ ಮೇಲೆ ತೂಕದ ನಿರ್ಬಂಧ ಬೀಳುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಸುಮಾರು 96 ಮೀಟರ್ ಉದ್ದ, 800 ಟನ್‌ಗೂ ಮೀರಿದ ತೂಕದ ಪೆಟ್ರೋರಸಾಯನ ಸ್ತಂಭವೊಂದನ್ನು ಎಡ್ಮಂಟನ್ ನಗರದಿಂದ ಸಮೀಪದ ಕೈಗಾರಿಕಾ ವಲಯಕ್ಕೆ ಸಾಗಿಸಿದ್ದು 2019ರ ಜನವರಿಯ ಚಳಿಯಲ್ಲಿ. ಆ ಅಲ್ಪ ದೂರಕ್ಕೆ ದಿನಗಟ್ಟಲೆ ಹಿಡಿಯಿತು.

ಲಾರಿಗೂ ಚಳಿ

ರಸ್ತೆಗೆ ವರವಾದ ಚಳಿ ವಾಹನಕ್ಕೆ ಶಾಪ. ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶವಿರುತ್ತದೆ. ಚಳಿಯಲ್ಲಿ ಅದು ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಉಸಿರುಗಟ್ಟುತ್ತದೆ. ನಮ್ಮ ಲಡಾಖ್, ಕಾರ್ಗಿಲ್ ಪ್ರದೇಶಗಳಲ್ಲೂ ಇದೇ ತೊಂದರೆಯಿತ್ತು. ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ವಿಶೇಷ ಡೀಸೆಲ್ ಅನ್ನು ಅಲ್ಲಿಗಾಗಿ ಬಿಡುಗಡೆ ಮಾಡಿದ್ದನ್ನು ಇಲ್ಲಿ ಸ್ಮರಿಸಬಹುದು. ಕೆನಡಾದ ಉತ್ತರದಲ್ಲಿ ಚಳಿಗಾಲದ ಡೀಸೆಲ್ ಬಳಸಿದರೂ ಚಾಲಕರು ಎಂಜಿನ್ ಆರಿಸಲು ಹಿಂಜರಿಯುತ್ತಾರೆ. ನಿಲ್ಲಿಸಲೇಬೇಕಾದರೆ ಎಂಜಿನ್‌ಗೆ ವಿದ್ಯುತ್ ಹೀಟರ್ ಜೋಡಿಸುತ್ತಾರೆ.

ಲಾರಿಯ ಬ್ರೇಕು ನಡೆಯುವುದು ಗಾಳಿಯ ಒತ್ತಡದಿಂದ. ಆ ಗಾಳಿಯಲ್ಲಿನ ತೇವಾಂಶ ಕೊಳವೆಯಲ್ಲಿ ಹೆಪ್ಪುಗಟ್ಟಿದರೆ ಬ್ರೇಕು ಹಿಡಿಯದೆ ಹೋಗಬಹುದು, ಹಿಡಿದದ್ದು ಬಿಡದೆಯೂ ಹೋಗಬಹುದು. ಟೈರಿನ ಗಾಳಿಯೂ ಕುಗ್ಗುತ್ತದೆ. 25 ಡಿಗ್ರಿ ಬೆಚ್ಚನೆಯ ಶೆಡ್ಡಿನಲ್ಲಿ 100 ಪೌಂಡ್ ಒತ್ತಡಕ್ಕೆ ತುಂಬಿದ ಟೈರು, ಮೈನಸ್ 40ಕ್ಕೆ ಬಂದಾಗ ತೂತಿಲ್ಲದೆಯೂ ಸುಮಾರು 75 ಪೌಂಡ್‌ಗೆ ಇಳಿದಿರುತ್ತದೆ. ರಬ್ಬರ್ ಕೊಳವೆಗಳು ಸೀಳುತ್ತವೆ. ಬ್ಯಾಟರಿಯ ಬಲ ಕುಂದುತ್ತದೆ.

ಎಲ್ಲಕ್ಕಿಂತ ಮೋಸದ ಬದಲಾವಣೆ ಉಕ್ಕಿನದು. ಸಾಮಾನ್ಯ ಉಕ್ಕು ತೀವ್ರ ಚಳಿಯಲ್ಲಿ ಬಾಗುವ ಗುಣ ಕಳೆದುಕೊಂಡು, ಮುನ್ಸೂಚನೆ ಕೊಡದೆ ಗಾಜಿನಂತೆ ಸಿಡಿಯುವುದುಂಟು. ಹತ್ತಾರು ಟನ್ ಯಂತ್ರವನ್ನು ಟ್ರೇಲರ್‌ಗೆ ಬಿಗಿದ ಸರಪಳಿ, ಕೊಂಡಿಗಳೂ ಇದಕ್ಕೆ ಹೊರತಲ್ಲ. ಆದ್ದರಿಂದಲೇ ಚಾಲಕ ಆಗಾಗ ಇಳಿದು, ಕೊರೆಯುವ ಗಾಳಿಯಲ್ಲಿ ಪ್ರತಿ ಕೊಂಡಿಯನ್ನೂ ಪರೀಕ್ಷಿಸಬೇಕು. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ.

ಚಳಿಗಾಲ ಕೈಕೊಟ್ಟಾಗ

2006ರಲ್ಲಿ ಈ ವ್ಯವಸ್ಥೆಯ ದೌರ್ಬಲ್ಯ ಬಯಲಾಯಿತು. ಆ ಚಳಿಗಾಲ ಅಸಹಜವಾಗಿ ಬೆಚ್ಚಗಿತ್ತು. ಗಡ್ಡೆ ಸಾಕಷ್ಟು ದಪ್ಪವಾಗಲಿಲ್ಲ, ಟಿಬಿಟ್ ರಸ್ತೆ ಮಾರ್ಚ್ ಕೊನೆಯ ವಾರದಲ್ಲೇ ಮುಚ್ಚಿತು. ಸಾಗಬೇಕಿದ್ದ ಸರಕಿನ ದೊಡ್ಡ ಪಾಲು ಉಳಿದುಹೋಯಿತು. ಗಣಿ ಕಂಪನಿಗಳು ಡೀಸೆಲನ್ನು ಸಹ ವಿಮಾನದಲ್ಲಿ ತರಿಸಿಕೊಳ್ಳಬೇಕಾಯಿತು. ಮರುವರ್ಷದ ದಾಖಲೆಯ ಸಾಗಣೆಗೆ ಹಿಂದಿನ ವರ್ಷದ ಬಾಕಿಯೂ ಒಂದು ಕಾರಣ.

ಗಣಿಗಳಿಗೆ ವಿಮಾನದ ಬಾಡಿಗೆ ತೆರುವ ಶಕ್ತಿಯುಂಟು. ಉತ್ತರದ ಬಡ ಹಳ್ಳಿಗಳಿಗೆ ಆ ಶಕ್ತಿಯಿಲ್ಲ. ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿ ಸುಮಾರು 3,000 ಕಿಲೋಮೀಟರ್ ಚಳಿಗಾಲದ ರಸ್ತೆಗಳನ್ನೇ ನಂಬಿರುವ ಮೂಲನಿವಾಸಿಗಳ ಊರುಗಳು ಮೂವತ್ತರಷ್ಟಿವೆ. ವಿದ್ಯುತ್ತಿಗೆ ಡೀಸೆಲ್, ಮನೆ ಕಟ್ಟಲು ಮರಮಟ್ಟು, ಕಾರ್ಖಾನೆಯಲ್ಲೇ ಸಿದ್ಧವಾದ ಮನೆಯ ಭಾಗಗಳು, ನೀರು ಶುದ್ಧೀಕರಣದ ಯಂತ್ರಗಳು ಈ ರಸ್ತೆಗಳಲ್ಲೇ ಬರಬೇಕು. ಆಹಾರ, ಔಷಧಿಯನ್ನು ವಿಮಾನದಲ್ಲಿ ತರಬಹುದು. ಸಣ್ಣ ವಿಮಾನದ ಬಾಗಿಲಲ್ಲಿ ತೂರದ ಸರಕು ಮಾತ್ರ ಮುಂದಿನ ಚಳಿಗಾಲಕ್ಕೆ ಕಾಯಬೇಕು. ಒಂದು ಚಳಿಗಾಲ ಕೈಕೊಟ್ಟರೆ ಮನೆಯೊಂದರ ನಿರ್ಮಾಣ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಗಡ್ಡೆ ಸರಿಯಾಗಿ ಕಟ್ಟದೆ ಲಾರಿಗಳು ಹೊರಡಲಾರದೆ ಹೋದಾಗ, ಅಲ್ಲಿನ ಮೂಲನಿವಾಸಿಗಳ ಒಕ್ಕೂಟವಾದ ನಿಷ್ನಾಬೆ ಆಸ್ಕಿ ನೇಷನ್ ತುರ್ತು ಪರಿಸ್ಥಿತಿ ಘೋಷಿಸಿತು.

ಪರಿಹಾರವೇನು? ಕೆಲವೆಡೆ ಶಾಶ್ವತ ರಸ್ತೆಗಳು ಬಂದಿವೆ. ಆರ್ಕ್ಟಿಕ್ ಸಾಗರದ ದಂಡೆಯ ಟುಕ್ಟೊಯಾಕ್ಟುಕ್ ಊರಿಗೆ ಇದ್ದ ಹಿಮರಸ್ತೆಯ ಜಾಗದಲ್ಲಿ 2017ರ ನವೆಂಬರ್‌ನಲ್ಲಿ ಸರ್ವಋತು ಹೆದ್ದಾರಿ ತೆರೆಯಿತು. ವಾಯವ್ಯ ಪ್ರಾಂತ್ಯದ ವಾಟಿ ಊರಿಗೂ 2021ರಲ್ಲಿ ಅಂಥದೇ ರಸ್ತೆ ದೊರೆಯಿತು. ಆದರೆ ಬಂಡೆ, ಜೌಗು, ಕರಗುತ್ತಿರುವ ನೆಲದ ಮೇಲೆ ಪ್ರತಿ ಕಿಲೋಮೀಟರ್ ರಸ್ತೆಗೂ ಅಪಾರ ಹಣ ಬೇಕು. ಕೆಲವೇ ನೂರು ಜನರಿರುವ ಊರಿಗೆ ನೂರಾರು ಕಿಲೋಮೀಟರ್ ರಸ್ತೆ ಹಾಕಲು ಸರಕಾರಗಳು ಹಿಂದೆಮುಂದೆ ನೋಡುತ್ತವೆ. ಅಲ್ಲಿಯವರೆಗೆ ಹಿಮವನ್ನು ಬೇಗ ಗುಡಿಸುವುದು, ನೀರು ಹರಿಸಿ ಗಡ್ಡೆ ದಪ್ಪ ಮಾಡುವುದು, ಹಗಲಿಗಿಂತ ತಂಪಾದ ರಾತ್ರಿಯಲ್ಲಿ ಲಾರಿ ಬಿಡುವುದು, ಲೋಡು ಇಳಿಸಿ ಹಗುರ ಮಾಡುವುದು ಇಷ್ಟೇ ಉಳಿದಿರುವ ದಾರಿ.

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ನಾವು ಬರ, ನೆರೆ, ಬಿಸಿಗಾಳಿಗಳನ್ನು ನೆನೆಯುತ್ತೇವೆ. ಬಿಸಿಲೇರಿದರೆ ರಸ್ತೆಯೇ ಇಲ್ಲವಾಗುವ ಊರುಗಳೂ ಭೂಮಿಯ ಮೇಲಿವೆ. ಅಲ್ಲಿನ ತಾಯಂದಿರು ಡಿಸೆಂಬರ್ ಬಂತೆಂದರೆ, ನಮ್ಮ ರೈತ ಜೂನ್‌ನಲ್ಲಿ ಮೋಡ ನೋಡುವಂತೆ, ಥರ್ಮಾಮೀಟರ್ ನೋಡುತ್ತಾರೆ. ಈ ವರ್ಷ ಚಳಿ ಬೇಗ ಬರಲಿ, ಗಟ್ಟಿಯಾಗಿ ಬರಲಿ, ಲಾರಿ ಬರುವಷ್ಟು ದಿನ ನಿಲ್ಲಲಿ ಎಂಬುದೇ ಅವರ ಹಾರೈಕೆ.